ಶಿಳ್ಳೆ ಇಲ್ಲದ ಸಂಜೆ

"ಆ ದೀಪ ತೆಗಿ ಅಲ್ಲಿಂದ!"

ಐಸ್ ಹಾಕಿ ಆಟದ ಕ್ರೀಡಾಂಗಣದ ಬಾಗಿಲ ಮುಂದೆ, ಹಿಮದಲ್ಲಿ ಮಂಡಿಯೂರಿ ದೀಪ ಹಚ್ಚುತ್ತಿದ್ದ ಟೊರ್ಕೆಲ್ ತಲೆ ಎತ್ತಿದ. ಎದುರಿಗೆ ತೂವಾ. ಆಸ್ಪತ್ರೆಯ ನರ್ಸ್ ಸಮವಸ್ತ್ರದ ಮೇಲೆ ಒಂದು ಕೋಟು ಎಳೆದುಕೊಂಡು ಬಂದಿದ್ದಳು. ಕಣ್ಣು ಕೆಂಡವಾಗಿತ್ತು.

ಐದು ವರ್ಷದ ನಂತರ ಅವಳು ಅವನೊಂದಿಗೆ ಆಡಿದ ಮೊದಲ ಮಾತು ಅದು!

"ತೂವಾ... ಇದು ಹಾಂಪುಸ್‌ಗೆ..."

"ನನ್ನ ಅಣ್ಣನ ಹೆಸರು ನಿನ್ನ ಬಾಯಲ್ಲಿ ಬರಬಾರದು!" ದೀಪವನ್ನು ಕಾಲಿನಿಂದ ಒದ್ದಳು. ಅದು ಹಿಮದಲ್ಲಿ ಉರುಳಿ ಆರಿಹೋಯಿತು. "ಬದುಕಿದ್ದಾಗ ಶಿಳ್ಳೆ, ಸತ್ತ ಮೇಲೆ ದೀಪ! ನಾಚಿಕೆ ಆಗಲ್ವಾ ನಿನಗೆ?"

ಸುತ್ತ ಹೂವು, ತಂಡದ ಶಾಲು ಹಿಡಿದು ನಿಂತಿದ್ದ ಅಭಿಮಾನಿಗಳು ಎರಡು ಹೆಜ್ಜೆ ಹಿಂದೆ ಸರಿದರು.

ನಮ್ಮೂರು ಗ್ರಾನ್‌ಸೆಲೆಯಲ್ಲಿ ಶಿಳ್ಳೆ ಅಂದರೆ ಮೆಚ್ಚುಗೆಯಲ್ಲ, ಬೈಗುಳ. ಊರ ತಂಡ ಬಿಟ್ಟು ಎದುರಾಳಿ ತಂಡ ಸೇರಿದವನ ಕೋಲಿಗೆ ಪಕ್, ಅಂದರೆ ಆಟದ ಬಿಲ್ಲೆ, ತಗುಲಿದಾಗಲೆಲ್ಲ ಕಿವಿ ತೂತಾಗುವ ಹಾಗೆ ಶಿಳ್ಳೆ ಬೀಳುತ್ತದೆ. ಹಾಂಪುಸ್ ನಮ್ಮ ಮನೆಮಗ. ಇಲ್ಲೇ ಬಿದ್ದು ಎದ್ದು ಆಟ ಕಲಿತವನು. ಅಂಥವನು ಪಕ್ಕದ ಓಲ್ಮೊ ತಂಡಕ್ಕೆ ಹೋದ. ಬದ್ಧವೈರಿಗಳ ತಂಡಕ್ಕೆ! ಊರು ಸುಮ್ಮನಿರುತ್ತದೆಯೇ?

ಶಿಳ್ಳೆ ಶುರುಮಾಡುತ್ತಿದ್ದವನು ಅಭಿಮಾನಿಗಳ ನಾಯಕ ಟೊರ್ಕೆಲ್. ಅವನು ಡೋಲು ಬಡಿದರೆ ಗ್ಯಾಲರಿಯೇ ಏಳುತ್ತಿತ್ತು. ತೂವಾ ಮದುವೆಯಾಗಬೇಕೆಂದಿದ್ದವನೂ ಅವನೇ. ಅಣ್ಣನಿಗೆ ಮೊದಲ ಶಿಳ್ಳೆ ಬಿದ್ದ ಸಂಜೆ ಅವಳು ಉಂಗುರ ಬಿಚ್ಚಿ ಅವನ ಡೋಲಿನ ಮೇಲೆ ಎಸೆದು ಹೋಗಿದ್ದಳು.

ಈಗ ಹಾಂಪುಸ್ ಇಲ್ಲ. ಅಭ್ಯಾಸಕ್ಕೆ ಹೊರಟವನ ಕಾರು ಮಂಜುಗಟ್ಟಿದ ರಸ್ತೆಯಲ್ಲಿ ಜಾರಿತ್ತು.

"ಶನಿವಾರ ಓಲ್ಮೊ ಜೊತೆ ಪಂದ್ಯ," ಟೊರ್ಕೆಲ್ ನಿಧಾನವಾಗಿ ಎದ್ದು ನಿಂತ. "ಅವನ ನೆನಪಿಗೆ ಒಂದು ನಿಮಿಷ ಮೌನ ಅಂತಿದ್ದಾರೆ. ಆ ಮೌನ ಬೇಡ ತೂವಾ. ನಾವು ಅವನಿಗೆ ಶಿಳ್ಳೆ ಹೊಡೆದು ಕಳಿಸ್ತೀವಿ."

ತೂವಾಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ.

"ಏನಂದೆ?!"

"ಅವನಿಗೆ ಮಾತು ಕೊಟ್ಟಿದ್ದೀನಿ."

"ಸತ್ತವನ ಬಾಯಿಗೆ ಮಾತು ತುರುಕಬೇಡ! ಕಡೇ ಪಂದ್ಯದಲ್ಲಿ ಅವನಿಗೆ ಇಲ್ಲಿ ನೆಮ್ಮದಿ ಸಿಕ್ತು. ಯಾಕೆ ಗೊತ್ತಾ? ನಾನು ಕ್ಲಬ್‌ನವರ ಕೈಕಾಲು ಹಿಡಿದು, ಒಂದು ಸಲ ಸುಮ್ಮನಿರಿ ಅಂತ ಬೇಡಿಕೊಂಡಿದ್ದೆ. ಅದಕ್ಕೇ ನೀವು ಬಾಯಿ ಮುಚ್ಚಿದ್ರಿ. ಅದೊಂದು ಸಂಜೆ ನಾನು ನನ್ನ ಅಣ್ಣನಿಗೆ ಕೊಟ್ಟಿದ್ದು... ಅದನ್ನೂ ಹಾಳು ಮಾಡ್ತೀಯಾ?"

ಟೊರ್ಕೆಲ್ ಏನೋ ಹೇಳಲು ಬಾಯಿ ತೆರೆದ. ಮುಚ್ಚಿಕೊಂಡ.

'ಕಳ್ಳ! ಹೇಳಲು ಏನಾದರೂ ಇದ್ದರೆ ತಾನೇ?' ತೂವಾ ಬೆನ್ನು ತಿರುಗಿಸಿ ನಡೆದುಬಿಟ್ಟಳು.

ಶುಕ್ರವಾರ ಅವನು ಮನೆಗೇ ಬಂದ. ಬಾಗಿಲು ತೆರೆದ ತೂವಾ ಹೊಸಿಲಲ್ಲೇ ಅಡ್ಡ ನಿಂತಳು.

"ಗುನ್‌ವೋರಮ್ಮ ಇದ್ದಾರಾ?"

"ಇದ್ದಾರೆ. ನಿನಗೆ ಸಿಗಲ್ಲ."

"ಹಾಗಾದ್ರೆ ನೀನೇ ಕೇಳಿಸ್ಕೋ. ನಾಳೆ ನಮ್ಮ ಗ್ಯಾಲರಿ ಮೌನವಾಗಿರುತ್ತೆ. ಎಲ್ಲರಿಗೂ ಹೇಳಿದ್ದೀನಿ. ನೀನು ಗೆದ್ದೆ."

"ಅಯ್ಯೋ, ದೊಡ್ಡ ಉಪಕಾರ! ನಿನ್ನ ಮುಖ ನೋಡಿದ್ರೆ ಮೈಯೆಲ್ಲ ಉರಿಯುತ್ತೆ ಟೊರ್ಕೆಲ್."

"ಗೊತ್ತು."

"ಗೊತ್ತಿದ್ರೆ ಹೋಗು!"

ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ತಾಯಿ ಗುನ್‌ವೋರ್ ಪಾತ್ರೆಯನ್ನು ಸಿಂಕಿಗೆ ಕುಕ್ಕಿದಳು.

"ಸಾಕು ಮಾಡೇ! ಬಾ ಇಲ್ಲಿ, ಕೂತ್ಕೋ."

"ಅಮ್ಮ, ನೀನು ಅವನ ಪರ ವಹಿಸ್ಬೇಡ..."

"ಕೂತ್ಕೋ ಅಂದೆ!"

ತೂವಾ ಕೂತಳು. ತಾಯಿ ಇಷ್ಟು ಗಟ್ಟಿಯಾಗಿ ಗದರಿ ಎಷ್ಟೋ ಕಾಲವಾಗಿತ್ತು.

"ಆ ಕಡೇ ಪಂದ್ಯ ಆದಮೇಲೆ ಹಾಂಪುಸ್ ಇಲ್ಲಿಗೆ ಬಂದಿದ್ದ. ನೀನು ಡ್ಯೂಟಿಗೆ ಹೋಗಿದ್ದೆ. ಊಟ ಮುಟ್ಟಲಿಲ್ಲ ಕಣೇ. 'ಅಮ್ಮ, ಒಬ್ಬನೂ ಶಿಳ್ಳೆ ಹೊಡೀಲಿಲ್ಲ. ಈ ಊರಿಗೆ ನಾನು ಯಾರೂ ಅಲ್ವಾ ಈಗ?' ಅಂತ ಕೇಳಿದ. ಕಣ್ಣು ತುಂಬಿತ್ತು."

ತೂವಾ ಮುಖದ ಬಣ್ಣ ಇಳಿಯಿತು.

"ಸುಳ್ಳು..."

"ಓಲ್ಮೊದಿಂದ ಇಡೀ ತಂಡ ಬರುತ್ತೆ. ಬೇರೆ ಯಾರಿಗಾದ್ರೂ ಶಿಳ್ಳೆ ಬೀಳುತ್ತಾ? ನಮ್ಮವನಿಗೆ ಮಾತ್ರ. ಶಿಳ್ಳೆ ಬಿದ್ರೆ ತಾನಿನ್ನೂ ಈ ಊರಿನವನೇ ಅಂತ ಅವನ ಲೆಕ್ಕ. ಪ್ರತಿ ಸಲ ಫೋನ್ ಮಾಡಿ, 'ಟಿವಿಯಲ್ಲಿ ಕೇಳಿಸ್ತಾ ಅಮ್ಮ, ಈ ಸಲ ಜೋರಿತ್ತಾ?' ಅಂತ ಜಂಬ ಕೊಚ್ಚಿಕೊಳ್ತಿದ್ದ ಪೋಲಿ. ನಿನ್ನ ಹತ್ರ ಹೇಳಿದ್ರೆ ಟೊರ್ಕೆಲ್‌ನ ಹೆಸರೆತ್ತಬೇಡ ಅಂತ ಎದ್ದು ಹೋಗ್ತಿದ್ದೆ."

"ಮತ್ತೆ... ಆ ದಿನ?"

"ಟೊರ್ಕೆಲ್‌ನ ಕರೆಸಿದೆ. ನೀನು ಬೇಡಿಕೊಂಡಿದ್ದಕ್ಕೆ ಸುಮ್ಮನಿದ್ವಿ ಅಂತ ಅವನು ಹೇಳಿದ. ಹಾಂಪುಸ್ ನಕ್ಕ ನೋಡು, ಹೊಟ್ಟೆ ಹಿಡ್ಕೊಂಡು! 'ನಮ್ಮ ತೂವಾ ಕೆಲಸಾನಾ ಇದು!' ಅಂತ. ಆಮೇಲೆ ಇಬ್ಬರ ಹತ್ರಾನೂ ಮಾತು ತಗೊಂಡ. 'ಅವಳಿಗೆ ಹೇಳಬೇಡಿ, ಪಾಪ, ನೊಂದ್ಕೋತಾಳೆ. ಮುಂದಿನ ಸಲ ಮಾತ್ರ ಎರಡು ಪಟ್ಟು ಶಿಳ್ಳೆ ಹೊಡೀಬೇಕು ನೀನು' ಅಂತ ಟೊರ್ಕೆಲ್ ಕೈ ಹಿಡ್ಕೊಂಡ."

ಮುಂದಿನ ಸಲ ಬರಲೇ ಇಲ್ಲ.

"ಈಗ ಮಗನಿಗೆ ಕೊಟ್ಟ ಮಾತು ಮುರಿದೆ," ತಾಯಿ ಕಣ್ಣೊರೆಸಿಕೊಂಡಳು. "ಏನು ಮಾಡ್ಲಿ? ಬದುಕಿರೋ ನೀವಿಬ್ಬರು ಹೀಗೆ ಹಾಳಾಗೋದನ್ನ ನೋಡಕ್ಕಾಗಲ್ಲ."

ತೂವಾ ಎದ್ದು ಕಿಟಕಿಯ ಬಳಿ ಹೋದಳು. ನಾನು ಕೊಟ್ಟ ನೆಮ್ಮದಿ... ನನ್ನ ಒಂದೇ ಒಂದು ಸಮಾಧಾನ... ಅದೇ ಅವನನ್ನು ಅಳಿಸಿತ್ತಾ? ಇದೆಲ್ಲ ಗೊತ್ತಿದ್ದೂ ಟೊರ್ಕೆಲ್ ನನ್ನಿಂದ ಬೈಗುಳ ತಿಂದನಾ? ಫೋನ್ ಕೈಗೆತ್ತಿಕೊಂಡಳು, ಇಟ್ಟಳು. ಯಾವ ಮುಖ ಹೊತ್ತು ಮಾತಾಡುವುದು?

ಶನಿವಾರ ಕ್ರೀಡಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ತುದಿಯಲ್ಲಿ ಓಲ್ಮೊದವರು, ಇನ್ನೊಂದು ತುದಿಯಲ್ಲಿ ನಮ್ಮವರು. ಎರಡೂ ಕಡೆ ಹಾಂಪುಸ್‌ನ ಚಿತ್ರ. ಹಾವು ಮುಂಗುಸಿಯಂತಿದ್ದ ಎರಡು ಊರುಗಳು ಅಂದು ಒಟ್ಟಿಗೆ ಟೋಪಿ ತೆಗೆದವು. ಐಸ್ ಮೇಲೆ ಹಾಸಿದ ಜಮಖಾನದಲ್ಲಿ ತಾಯಿ, ಮಗಳು ಕೈಹಿಡಿದು ನಿಂತರು.

"ಹಾಂಪುಸ್ ನೆನಪಿಗೆ ಒಂದು ನಿಮಿಷ ಮೌನ," ಎಂದಿತು ಧ್ವನಿವರ್ಧಕ.

ಎಲ್ಲ ಸ್ತಬ್ಧ.

ಆ ಮೌನ ತೂವಾಳ ಎದೆಗೆ ಇರಿಯಿತು. ಅಣ್ಣ ಆ ಸಂಜೆ ಕೇಳಿದ್ದು ಇದನ್ನೇ! ಇದನ್ನೇ ಕೇಳಿ ಊಟ ಬಿಟ್ಟಿದ್ದ...

ಅವಳು ಕೈಗವಸು ಕಿತ್ತು ಎರಡು ಬೆರಳು ಬಾಯಿಗಿಟ್ಟಳು. ತುಟಿ ನಡುಗುತ್ತಿತ್ತು. ಬರೀ ಗಾಳಿ ಬಂತು. ಮತ್ತೆ ಊದಿದಳು. ಮತ್ತೆ ಗಾಳಿ! ಜನ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು.

ತೂವಾ ಗ್ಯಾಲರಿಯತ್ತ ತಿರುಗಿದಳು. ಡೋಲಿನ ಹಿಂದೆ ತಲೆ ತಗ್ಗಿಸಿ ನಿಂತಿದ್ದ ಟೊರ್ಕೆಲ್.

"ಹೊಡಿಯೋ!" ಅವಳ ಕೂಗು ಇಡೀ ಕ್ರೀಡಾಂಗಣಕ್ಕೆ ಕೇಳಿಸಿತು. "ನನ್ನ ಅಣ್ಣನಿಗೆ ಶಿಳ್ಳೆ ಹೊಡಿಯೋ ಟೊರ್ಕೆಲ್!"

ಅವನು ಒಂದು ಕ್ಷಣ ಅವಳನ್ನೇ ನೋಡಿದ. ಮರುಕ್ಷಣ ಅವನ ಶಿಳ್ಳೆ ಚಾವಣಿ ಮುಟ್ಟಿತು. ಬೆನ್ನಿಗೇ ಗ್ಯಾಲರಿ ಪೂರ್ತಿ. ಆಮೇಲೆ ಓಲ್ಮೊದವರೂ! ಅಷ್ಟು ಜೋರು ಶಿಳ್ಳೆ ನಮ್ಮೂರು ಅದುವರೆಗೆ ಕೇಳಿರಲಿಲ್ಲ. ಗುನ್‌ವೋರಮ್ಮ ಅಳುತ್ತಲೇ ನಕ್ಕಳು.

ಮೊದಲ ವಿರಾಮದಲ್ಲಿ ತೂವಾಗೆ ಟೊರ್ಕೆಲ್ ಮೆಟ್ಟಿಲ ಬಳಿ ಸಿಕ್ಕ. ಇಬ್ಬರ ಕಣ್ಣೂ ಕೆಂಪಾಗಿದ್ದವು.

"ಯಾಕೆ ಹೇಳಲಿಲ್ಲ ನನಗೆ?" ಅವನ ಎದೆಗೆ ಗುದ್ದಿದಳು.

"ಆ ಒಂದು ಸಂಜೆ ಬಿಟ್ರೆ ನಿನ್ನ ಹತ್ರ ಇನ್ನೇನಿತ್ತು? ಅದನ್ನೂ ಕಿತ್ಕೊಳ್ಳಲಾ?"

"ಊರೆಲ್ಲರ ಎದುರಿಗೆ ಬೈದೆ ನಿನಗೆ..."

"ಬೈದೆಯಲ್ಲ, ಅಷ್ಟೇ ಸಾಕಾಗಿತ್ತು." ಅವನ ದನಿ ಒಡೆಯಿತು. "ಐದು ವರ್ಷ ಒಂದು ಮಾತೂ ಆಡಲಿಲ್ಲ ನೀನು. ಎದುರಿಗೆ ಸಿಕ್ಕಿದ್ರೂ ಬೈಗುಳ ಕೂಡ ಇಲ್ಲ. ಅದನ್ನ ಮಾತ್ರ ತಡ್ಕೊಳ್ಳೋಕಾಗಲಿಲ್ಲ ತೂವಾ..."

ತೂವಾ ಅವನ ಕೋಟಿನ ಕಾಲರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹಾಗಾದ್ರೆ ಕೇಳಿಸ್ಕೋ. ನೀನು ದಡ್ಡ. ಮೊಂಡ. ಶತಮೂರ್ಖ."

"ಇನ್ನೂ?"

"ಇನ್ನೂ ಬೇಕಾದಷ್ಟಿದೆ. ಪಂದ್ಯ ಮುಗಿಸಿ ಮನೆಗೆ ಬಾ. ಅಮ್ಮ ಕಾಫಿ ಮಾಡ್ತಾಳೆ. ಕೂರಿಸ್ಕೊಂಡು ಬೈತೀನಿ."

"ಎಲ್ಲಿವರೆಗೆ?"

ಅವಳು ಹಣೆಯನ್ನು ಅವನ ಎದೆಗೆ ಒತ್ತಿದಳು.

"ಬದುಕಿರೋವರೆಗೂ... ಒಂದು ದಿನಾನೂ ಬಿಡಲ್ಲ!"