ಹತ್ತು ಸಾವಿರದ ಒಂದರಲ್ಲೊಂದು ಕಲ್ಲು

10001 ಅರವತ್ತೇಳಕ್ಕೂ ಭಾಗ ಹೋಗಲಿಲ್ಲ. ಹದಿನೆಂಟು ಉಳಿಯಿತು. ಹಂಗಾದ್ರೆ ಸಾರ್ ಹೇಳಿದ್ದೇ ಸರಿಯಾ? ಸುಮ್ಮನೆ ಇಂಪೊಸಿಷನ್ ಬರೆದುಬಿಡಲಾ?

ಕತ್ತಲಗೆರೆಯ ಮೈಲಾರಿ ತನ್ನ ಮನೆ ಕಟ್ಟೆಯ ಮೇಲೆ ಪೆನ್ಸಿಲ್ ಕಚ್ಚುತ್ತಾ ಕೂತಿದ್ದ. ಅವತ್ತು ಬೆಳಿಗ್ಗೆ ಸತೀಶ್ ಕುಮಾರ್ ಸಾರ್ ಬೋರ್ಡಿನ ಮೇಲೆ 10001 ಬರೆದು, ಎರಡರಿಂದ ಹದಿಮೂರರ ತನಕ ಭಾಗಿಸಿ ತೋರಿಸಿದ್ದರು.

"ನೋಡ್ರಿ, ಯಾವುದಕ್ಕೂ ಹೋಗಲ್ಲ. ಒಂದನ್ನ ಬಿಟ್ಟರೆ ಅದು ಅದರಿಂದಲೇ ಭಾಗ ಆಗಬೇಕು. ಇದು ಅವಿಭಾಜ್ಯ ಸಂಖ್ಯೆ."

"ಅಲ್ಲ ಸಾರ್," ಅಂದುಬಿಟ್ಟಿದ್ದ ಮೈಲಾರಿ.

"ಓಹೋ! ಹಂಗಾದ್ರೆ ಯಾವುದಕ್ಕೆ ಹೋಗುತ್ತೆ, ಹೇಳ್ರಿ ಪ್ರೊಫೆಸರ್ರೇ!"

ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತ್ತು. ಮೈಲಾರಿ ಬೋರ್ಡಿನ ಸಂಖ್ಯೆಯನ್ನೇ ನೋಡುತ್ತಾ ನಿಂತಿದ್ದ.

ಅದಕ್ಕೆ ಸಾರ್ ಕೊಟ್ಟ ಶಿಕ್ಷೆ: '10001 ಅವಿಭಾಜ್ಯ ಸಂಖ್ಯೆ' ಅಂತ ಐವತ್ತು ಸಲ ಬರೆದು ತರಬೇಕು. ತರದಿದ್ದರೆ ಚನ್ನಗಿರಿಯ ಕ್ವಿಜ್‌ಗೆ ಅವನ ಬದಲು ಅದೇ ಕ್ಲಾಸಿನ ಗಂಗೋತ್ರಿ ಹೋಗುತ್ತಾಳೆ.

ಪಕ್ಕದಲ್ಲಿ ಅವನ ಅಜ್ಜಿ ಚೌಡಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಸಾಕು ಬಿಡಜ್ಜಿ, ಕಲ್ಲೇ ಇಲ್ಲ. ಹಸಿವು ನಂಗೆ."

"ಅರ್ಧ ಮೊರ ನೋಡಿ ಇಲ್ಲ ಅನ್ನಾಕೆ ಆಗ್ತೈತೇನೋ? ಐತೆ ಅನ್ನಾಕೆ ಒಂದೇ ಕಲ್ಲು ಸಾಕು. ಇಲ್ಲ ಅನ್ನಾಕೆ ಪೂರ್ತಿ ಮೊರ ನೋಡ್ಬೇಕು."

ಮೈಲಾರಿ ಅವಳ ಬೆರಳನ್ನೇ ನೋಡಿದ. ಸಾರ್ ಹದಿಮೂರಕ್ಕೇ ನಿಲ್ಲಿಸಿದ್ದರು. ತಾನು ಅರವತ್ತೇಳಕ್ಕೆ ನಿಲ್ಲಿಸಿದ್ದ.

ಹಾಳೆ ಮಗುಚಿದ. ಎಪ್ಪತ್ತೊಂದಕ್ಕೆ ಹೋಗಲಿಲ್ಲ. ಎಪ್ಪತ್ತಮೂರು...

ಶೇಷ ಸೊನ್ನೆ!

ತಿರುಗಿಸಿ ಎರಡು ಸಲ ಗುಣಿಸಿ ನೋಡಿದ. ಆಮೇಲೆ ನೋಟ್‌ಬುಕ್ ತೆಗೆದ.

ಮರುದಿನ ಸಾರ್ ಟೇಬಲ್ ಮೇಲೆ ಐವತ್ತು ಸಾಲು ಬಂದು ಕೂತಿತ್ತು. ಪ್ರತಿ ಸಾಲಿನಲ್ಲೂ: 73 × 137 = 10001.

"ನಾನು ಬರೆಯಾಕೆ ಹೇಳಿದ್ದು ಇದಾ?"

"ಅಲ್ಲ ಸಾರ್. ಅದನ್ನ ನಾನು ಬರೆಯಲ್ಲ."

ಈ ಸಲ ಯಾರೂ ನಗಲಿಲ್ಲ. ಸಾರ್ ಚಾಕ್ ತೆಗೆದುಕೊಂಡು ಬೋರ್ಡಿನ ಮೇಲೆ ಗುಣಿಸಿದರು. ಉತ್ತರ 10001 ಬಂತು. ಮೂಲೆಯಲ್ಲಿ ನಿನ್ನೆ ಬರೆದಿದ್ದ 'ಅವಿಭಾಜ್ಯ' ಹಾಗೇ ಇತ್ತು. ಅದನ್ನು ಅಂಗೈಯಿಂದಲೇ ಒರೆಸಿದರು.

"ಕ್ವಿಜ್ ದಿನ ಬಸ್ಸು ಎಂಟೂವರೆಗೆ," ಎಂದರು. "ಲೇಟ್ ಮಾಡ್ಬೇಡ."

ಬೆಲ್ ಹೊಡೆದ ಮೇಲೆ ಗಂಗೋತ್ರಿ ಓಡಿ ಬಂದಳು. "ಲೋ, ನಿನ್ನೆಯೇ ಗೊತ್ತಿತ್ತಲ್ಲ ನಿಂಗೆ! ಮತ್ಯಾಕೆ ಕಂಬದಂಗೆ ನಿಂತ್ಕಂಡಿದ್ದೆ?"

ಮೈಲಾರಿ ಬ್ಯಾಗ್ ಹೆಗಲಿಗೇರಿಸಿ ಸುಮ್ಮನೆ ನಕ್ಕ.

ನಿನ್ನೆ 'ಅಲ್ಲ ಸಾರ್' ಅಂದಾಗ ತಾನೂ ಮೊರ ನೋಡಿರಲಿಲ್ಲ, ಒಂದು ಕಲ್ಲೂ ಸಿಕ್ಕಿರಲಿಲ್ಲ ಎಂಬುದನ್ನು ಅವನು ಯಾರಿಗೂ ಹೇಳಲಿಲ್ಲ.