ಚಕ್ರ ಇರಬೇಕಾದ ಕಡೆ

ಡಬ್ಬಿಯೊಳಗೆ ಮೂಗಿಟ್ಟು, ಕಣ್ಣು ಮುಚ್ಚಿ ಅವಳು ಉಸಿರೆಳೆಯುತ್ತಿದ್ದಾಗಲೇ ಅವನು ಸ್ಕ್ಯಾನರ್ ಹೊತ್ತುಕೊಂಡು ಬಾಗಿಲಿಗೆ ಬರಬೇಕೇ? ಕಣ್ಣು ಬಿಟ್ಟರೆ ಎದುರಿಗೆ ಅವನು, ನಗು ತಡೆದುಕೊಂಡು ನಿಂತಿದ್ದ.

“ಏನು ವಾಸನೆ ನೋಡ್ತಿದ್ದೀರಿ?”

“ಹುಳಿ,” ಎಂದಳು.

ಉಳಿದದ್ದನ್ನು ಅವಳ ದೊಡ್ಡಪ್ಪ ಹೇಳಿದರು. ಹಳೆಯ ಫಿಲ್ಮ್ ಕೆಡಲು ಶುರುವಾದರೆ ಹುಳಿ ವಾಸನೆ ಬರುತ್ತದೆ, ಪಕ್ಕದ್ದನ್ನೂ ಕೆಡಿಸುತ್ತದೆ. ವಾರಕ್ಕೊಮ್ಮೆ ಎಲ್ಲ ಡಬ್ಬಿ ಮೂಸಿ, ಹುಳಿಯಾದದ್ದನ್ನು ಬೇರೆ ಇಡುವುದು ಇವಳ ಕೆಲಸ. ಓದು ಏಳನೆಯ ಕ್ಲಾಸಿಗೇ ನಿಂತಿತು, ಮೂಗು ಮಾತ್ರ ಬೆಕ್ಕಿನದು ಎಂದು ನಕ್ಕರು.

ದೊಡ್ಡಪ್ಪನ ಸ್ಟುಡಿಯೋದ ನಲವತ್ತು ವರ್ಷದ ನೆಗೆಟಿವ್‌ಗಳೆಲ್ಲ ಆ ಕೋಣೆಯಲ್ಲಿದ್ದವು. ಎಲ್ಲವನ್ನೂ ಸ್ಕ್ಯಾನ್ ಮಾಡಿ ಹಾರ್ಡ್ ಡಿಸ್ಕಿಗೆ ಹಾಕಿಸಿ, ಫಿಲ್ಮನ್ನು ಗುಜರಿಗೆ ಕೊಟ್ಟು, ಕೋಣೆ ಖಾಲಿ ಮಾಡುವುದೆಂದು ಅವರು ತೀರ್ಮಾನಿಸಿದ್ದರು. ಅವಳನ್ನು ಯಾರೂ ಕೇಳಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲವಲ್ಲ.

ಕಿಟಕಿಯ ಬಳಿ ಅವನ ಮೇಜು. ಬಿಳಿ ಕೈಗವಸು ತೊಟ್ಟು ಅವಳು ಒಂದೊಂದೇ ಫಿಲ್ಮ್ ಪಟ್ಟಿ ಎತ್ತಿ ಕೊಡುವಳು. ಬೆರಳಿಗೆ ಬೆರಳು ತಾಗಿದರೆ ಇಬ್ಬರೂ ಫಿಲ್ಮನ್ನೇ ನೋಡುವರು. ಯೋಚನೆಯಲ್ಲಿದ್ದಾಗ ಅವನು ಕಿವಿಯ ತುದಿ ಎಳೆದುಕೊಳ್ಳುತ್ತಾನೆಂಬುದು ಎರಡೇ ದಿನಕ್ಕೆ ಅವಳಿಗೆ ಗೊತ್ತಾಯಿತು.

ಡಿಜಿಟಲ್‌ನಲ್ಲಿ ನೂರನೆಯ ಪ್ರತಿಯೂ ಮೊದಲಿನದರಂತೆಯೇ ಇರುತ್ತದೆ, ಮೂರು ಕಡೆ ಇಟ್ಟರೆ ಒಂದು ಹೋದರೂ ಎರಡು ಉಳಿಯುತ್ತವೆ ಎಂದು ಅವನು ಹೇಳುತ್ತಿದ್ದ. ಅವಳು ಕೈಲಿದ್ದ ಪಟ್ಟಿಯನ್ನು ಬೆಳಕಿಗೆ ಹಿಡಿದು ಕೇಳಿದಳು:

“ಅದನ್ನ ನೋಡೋಕೆ ಮೆಷೀನ್ ಬೇಕಲ್ವಾ? ಫಿಲ್ಮಿಗೆ ಕಿಟಕಿ ಸಾಕು.”

ಅವನು ಕಿವಿ ಎಳೆದುಕೊಂಡ.

ನಾಲ್ಕನೆಯ ವಾರ ಗುಜರಿಯವನು ಬಂದು ಡಬ್ಬಿಗಳನ್ನೆಲ್ಲ ಗಾಡಿಗೆ ಹೇರಿದ. ಅದು ಹೊರಡುವ ಮೊದಲು ಒಮ್ಮೆ ನೋಡೋಣವೆಂದು ದೊಡ್ಡಪ್ಪ ಕಂಪ್ಯೂಟರ್ ಮುಂದೆ ಕುಳಿತರು. ಚಿತ್ರಗಳು ಒಂದೊಂದಾಗಿ ಸರಿದವು. ಹೊಲಿಗೆ ಕ್ಲಾಸಿನ ಹೆಂಗಸರ ಫೋಟೊ ಬಂತು. ಸಾಲಾಗಿ ಕುಳಿತವರು, ಎದುರಿಗೆ ಯಂತ್ರಗಳು.

ಅವಳು ಪರದೆಯ ಹತ್ತಿರ ಬಾಗಿದಳು. ಅಮ್ಮನ ಹೊಲಿಗೆ ಯಂತ್ರದ ಪಕ್ಕ ಬೆಳೆದವಳು ಅವಳು. ಇಲ್ಲಿ ಹೊಲಿಯುವವರ ಎಡಗೈ ಚಕ್ರದ ಮೇಲಿತ್ತು. ಒಬ್ಬಿಬ್ಬರದಲ್ಲ, ಎಲ್ಲರದೂ.

ಹೇಳಿದರೆ ದೊಡ್ಡಪ್ಪನ ಮುಂದೆ ಅವನ ಮಾನ ಹೋಗುತ್ತದೆ. ಸುಮ್ಮನಿದ್ದರೆ ಗಾಡಿ ಹೊರಡುತ್ತದೆ.

“ಚಕ್ರ ಹೊಲಿಯೋರ ಬಲಗಡೆ ಇರ್ಬೇಕು,” ಎಂದಳು, ನೆಲ ನೋಡುತ್ತ.

ಒಂದು ಬಟನ್ ಒತ್ತಿ ಚಿತ್ರ ತಿರುಗಿಸಿ ಅವನು ತಪ್ಪಿಸಿಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಗಾಡಿಯ ಬಳಿ ಹೋಗಿ, ಆ ಪಟ್ಟಿಯನ್ನೇ ಹುಡುಕಿ ತಂದು ಬೆಳಕಿಗೆ ಹಿಡಿದ. ಫಿಲ್ಮಿನ ಅಂಚಿನ ಅಂಕಿಗಳು ನೇರವಾಗಿ ಕಾಣುವಂತೆ ಹಿಡಿದಾಗ ಚಕ್ರ ಹೊಲಿಯುವವರ ಬಲಕ್ಕೇ ಇತ್ತು.

“ಮಗುಚಿ ಇಟ್ಟಿದ್ದೀನಿ, ಸಾರ್. ತಪ್ಪು ನನ್ನದು. ಸ್ಕ್ಯಾನ್‌ನಲ್ಲಿ ಅಂಚು ಬೇರೆ ಕತ್ತರಿಸಿಬಿಟ್ಟಿದ್ದೀನಿ, ಇನ್ನೆಷ್ಟು ಹೀಗಾಗಿವೆಯೋ ಕಂಪ್ಯೂಟರ್ ಹೇಳಲ್ಲ. ಫಿಲ್ಮ್ ಹೇಳುತ್ತೆ. ಇದು ಹೋಗಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಇವರು ಕಂಡುಹಿಡಿದ್ರು.”

ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿದರು. ಗುಜರಿಯವನಿಗೆ ಡಬ್ಬಿಗಳನ್ನು ಗಾಡಿಯಿಂದ ಇಳಿಸಲು ಹೇಳಿದರು. ಆಮೇಲೆ ಜೀವಮಾನದಲ್ಲಿ ಮೊದಲ ಬಾರಿಗೆ ಅವಳ ಕಡೆ ತಿರುಗಿ, “ಏನ್ ಮಾಡೋಣ, ಮಗಳೇ?” ಎಂದರು.

ಅವಳು ತಲೆ ಎತ್ತಿದಳು. ಹುಳಿಯಾದ ಡಬ್ಬಿಗಳು ಕಾಯುವುದಿಲ್ಲ, ಮೊದಲು ಅವನ್ನು ಸ್ಕ್ಯಾನ್ ಮಾಡಲಿ, ಅಂಚು ಸಮೇತ. ಮಿಕ್ಕದ್ದೂ ಆಗಲಿ, ಆದರೆ ಫಿಲ್ಮ್ ಇಲ್ಲೇ ಇರಲಿ ಎಂದಳು. ತನ್ನ ದನಿ ಇಷ್ಟು ಗಟ್ಟಿಯೆಂದು ಅವಳಿಗೇ ಗೊತ್ತಿರಲಿಲ್ಲ.

ಸಂಜೆ ಕಿಟಕಿಯ ಬಳಿ ಅವನನ್ನು ಕೇಳಿದಳು, ಮಗುಚಿ ಇಟ್ಟದ್ದು ಹೇಗೆ ಎಂದು.

“ಫಿಲ್ಮ್ ನೋಡ್ತಾ ಇಟ್ಟಿದ್ರೆ ಸರಿಯಾಗಿರ್ತಿತ್ತು. ನಾನು ಕೊಡೋವ್ರನ್ನ ನೋಡ್ತಿದ್ದೆ.”

ಜೇಬಿನಿಂದ ಒಂದು ನೆಗೆಟಿವ್ ತೆಗೆದು ಕೊಟ್ಟ. ಬೆಳಕಿಗೆ ಹಿಡಿದಳು. ಡಬ್ಬಿಯೊಳಗೆ ಮೂಗಿಟ್ಟ ಹುಡುಗಿ. ದೊಡ್ಡಪ್ಪನ ಹಳೆಯ ಕ್ಯಾಮೆರಾದಲ್ಲಿ ಅವಳಿಗೆ ಕಾಣದಂತೆ ತೆಗೆದದ್ದು.

“ಸ್ಕ್ಯಾನ್ ಮಾಡಿಲ್ಲ. ಇರೋದು ಒಂದೇ,” ಎಂದ. “ನೋಡ್ಕೊಳ್ತೀರಾ? ಅದರ ಜೊತೆಗೆ ನನ್ನನ್ನೂ?”

“ಎಷ್ಟು ವರ್ಷ?”

“ಫಿಲ್ಮ್ ಬಾಳಿದಷ್ಟು.”

ಅವಳು ಪಟ್ಟಿಯನ್ನು ಕಾಗದದ ಚೀಲಕ್ಕೆ ಸೇರಿಸಿ, ತನ್ನದೇ ಅಕ್ಷರದಲ್ಲಿ ತಾರೀಕು ಬರೆದಳು.

“ನಾನು ನೋಡ್ಕೊಂಡ್ರೆ ನೂರು ದಾಟುತ್ತೆ,” ಎಂದಳು, ಈ ಸಲ ಅವನ ಕಣ್ಣನ್ನೇ ನೋಡುತ್ತ.