ಗಾಜಿಗೆ ಒತ್ತಿದ ಅಂಗೈ

ಕೊಟ್ಟೂರಿನ ನನ್ನ ವೆಲ್ಡಿಂಗ್ ಶೆಡ್ಡಿಗೆ ಬಂದರೆ ಆ ಡ್ರಮ್ಮನ್ನು ಈಗಲೂ ತೋರಿಸುತ್ತೇನೆ. ತುಕ್ಕು ತೆಗೆಯಲು ನಾನೇ ಮಾಡಿಕೊಂಡದ್ದು. ಕೈ ತೂರಿಸಲು ಎರಡು ರಬ್ಬರ್ ಗವಸು, ಒಳಗೆ ನೋಡಲು ಒಂದು ಗಾಜು. ಕಂಪ್ರೆಸರಿನ ಗಾಳಿ ಮರಳನ್ನು ರಭಸದಿಂದ ಚಿಮ್ಮಿಸಿದರೆ ತುಕ್ಕೆಲ್ಲ ಉದುರುತ್ತದೆ.

ಹೋದ ಬೇಸಿಗೆಯಲ್ಲಿ ಕೂಡ್ಲಿಗಿ ಕಡೆಯ ಚೌಡಕ್ಕ ಎಂಬ ಹೆಂಗಸು, ಎಂದೋ ಮುಚ್ಚಿಸಿದ ಬಾವಿಯ ಕಬ್ಬಿಣದ ರಾಟೆ ತಂದುಕೊಟ್ಟಳು. ಮಧ್ಯಾಹ್ನ ಕೆಲಸಕ್ಕೆ ಕೂತೆ. ಶೆಡ್ಡಿನ ತಗಡು ಕಾದು ಕೆಂಡವಾಗಿತ್ತು, ಆದರೆ ಗವಸಿನೊಳಗೆ ನನ್ನ ಬೆರಳುಗಳು ಚಳಿಗೆ ಮರಗಟ್ಟಿದವು. ಗಾಳಿ ನಿಲ್ಲಿಸಿದ ಮೇಲೂ ಒಳಗೆ ಮರಳು ಸುರಿಯುವ ಸದ್ದು ನಿಲ್ಲಲಿಲ್ಲ.

ಮರಳು ಬಡಿದು ಗಾಜು ಬೆಳ್ಳಗಾಗುವುದು ಸಹಜ. ಅಂದು ಒಂದು ಅಂಗೈಯಷ್ಟು ಜಾಗ ಮಾತ್ರ ತಿಳಿಯಾಗಿ ಉಳಿದಿತ್ತು, ಐದೂ ಬೆರಳು ಸಮೇತ. ಒಳಗಿನಿಂದ ಯಾರೋ ಕೈ ಒತ್ತಿ ಹಿಡಿದಿದ್ದ ಹಾಗೆ. ಗಾಜು ಬದಲಿಸಿದೆ. ಮತ್ತೆ ಅದೇ ಕೈ.

"ನಿಮ್ಮ ಕೈನೇ ತಾಗಿರಬೇಕ್ರಿ," ಎಂದಳು ಹೆಂಡತಿ ಸುಮಲತಾ. ತನ್ನ ಅಂಗೈ ಅದರ ಮೇಲಿಟ್ಟು ನೋಡಿದಳು. ಅವಳದಕ್ಕಿಂತಲೂ ಅದು ಚಿಕ್ಕದು. ಆಮೇಲೆ ಅವಳು ಶೆಡ್ಡಿನಲ್ಲಿ ನಿಲ್ಲಲಿಲ್ಲ.

ಸಂಜೆ ಚೌಡಕ್ಕ ಬಂದಾಗ, ಹೇಳಲೋ ಬೇಡವೋ ಎನ್ನುತ್ತಲೇ ಗಾಜು ತೋರಿಸಿದೆ. ಅವಳು ಬೆಚ್ಚಲಿಲ್ಲ. ಸೆರಗಿನಿಂದ ಧೂಳು ಒರೆಸಿ, ಆ ಬೆರಳುಗಳನ್ನು ಒಂದೊಂದಾಗಿ ಸವರಿದಳು.

"ಬೆಳದಾಳ," ಎಂದಳು ಮೆಲ್ಲಗೆ.

"ಯಾರಕ್ಕಾ?"

"ಬಾವಿಗೆ ಬಿದ್ದಾಗ ಕೈ ಇಷ್ಟು ದೊಡ್ಡದಿರ್ಲಿಲ್ರಿ."

ರಾಟೆಯನ್ನು ಅವಳು ಮುಟ್ಟಲೇ ಇಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಇಲ್ಲೇ ಇರ್ಲಿ ಬಿಡ್ರಿ," ಎಂದಳು. "ನಿಮ್ಮ ಹತ್ರ ಹೊಂದಿಕೊಂಡಾಳ."